ವಿಶ್ವಕಪ್ ಬರುವ ಮುಂಚೆಯೇ ರಜೆಯ ಮಾತು ಮುಗಿಯಲಿ

2027ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಪುರುಷರ ಏಕದಿನ ಕ್ರಿಕೆಟ್ ವಿಶ್ವಕಪ್ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾಗಳಲ್ಲಿ ನಡೆಯಲಿದೆ. ಮೂರೂ ದೇಶಗಳ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 10ಕ್ಕೆ ಆಟ ಶುರುವಾದರೆ ಇಲ್ಲಿ ಮಧ್ಯಾಹ್ನ 1.30. ಅಲ್ಲಿ ಮಧ್ಯಾಹ್ನ 1ಕ್ಕೆ ಶುರುವಾದರೆ ಇಲ್ಲಿ ಸಂಜೆ 4.30, ಮುಗಿಯುವ ಹೊತ್ತಿಗೆ ನಡುರಾತ್ರಿ ದಾಟಿರುತ್ತದೆ. ಕಚೇರಿಗಳಲ್ಲಿ ಊಟದ ಬಿಡುವಿನಿಂದ ಮನೆಗೆ ಹೊರಡುವವರೆಗಿನ ಹೊತ್ತೆಲ್ಲ ಪಂದ್ಯದ ಹೊತ್ತೇ. ಕಾರ್ಖಾನೆಗಳ ಸೆಕೆಂಡ್ ಶಿಫ್ಟ್ ಪೂರ್ತಿ ಅದರೊಳಗೆ ಬೀಳುತ್ತದೆ. ಬ್ರಿಟನ್ನಿನ ಗ್ರಾಹಕರಿಗಾಗಿ ಮಧ್ಯಾಹ್ನದಿಂದ ರಾತ್ರಿಯವರೆಗೆ ದುಡಿಯುವ ಬೆಂಗಳೂರಿನ ತಂಡಗಳ ಪಾಳಿಯೂ ಅದೇ.

ಹಬ್ಬಗಳ ಸಾಲೂ ಅದೇ ತಿಂಗಳುಗಳಲ್ಲಿದೆ. ವಿಜಯದಶಮಿ ಅಕ್ಟೋಬರ್ 9, ಶನಿವಾರ. ದೀಪಾವಳಿ ಅಮಾವಾಸ್ಯೆ ಅಕ್ಟೋಬರ್ 29, ಶುಕ್ರವಾರ. ಮಾರನೆಯ ದಿನ ಬಲಿಪಾಡ್ಯಮಿ, ಅದರಾಚೆ ಭಾನುವಾರ, ಅದಕ್ಕೆ ತಾಗಿಕೊಂಡೇ ಸೋಮವಾರ ಕನ್ನಡ ರಾಜ್ಯೋತ್ಸವ. ಹುಬ್ಬಳ್ಳಿಗೆ, ಹಾಸನಕ್ಕೆ, ಕಲಬುರಗಿಗೆ ಹೋಗಿಬರಬೇಕಾದವರ ಅರ್ಜಿಗಳೂ ಭಾರತದ ಪಂದ್ಯ ನೋಡಬೇಕೆನ್ನುವವರ ಅರ್ಜಿಗಳೂ ಒಂದೇ ವಾರ, ಒಂದೇ ಮೇಜಿನ ಮೇಲೆ ಬಂದು ಬೀಳುತ್ತವೆ. ಆ ಮೇಜಿನ ಹಿಂದೆ ಕೂತ ಸೂಪರ್‌ವೈಸರ್ ಕೈಯಲ್ಲಿ ಬರಹದ ನಿಯಮ ಒಂದೂ ಇಲ್ಲದಿದ್ದರೆ ಆಗುವುದೇನು ಎಂಬುದು ಕೆಲಸಕ್ಕೆ ಹೋಗುವ ಎಲ್ಲರಿಗೂ ಗೊತ್ತು. ಬೇಕಾದವರಿಗೆ ಸಿಗುತ್ತದೆ, ಕೇಳಲು ಅಂಜುವವರಿಗೆ ಸಿಗುವುದಿಲ್ಲ.

ಈ ಎಚ್ಚರಿಕೆಯನ್ನು ಇಷ್ಟು ಮುಂಚೆ ಕೊಡುತ್ತಿರುವುದಕ್ಕೆ ಕಾರಣವಿದೆ. ಪಂದ್ಯದ ವಾರದಲ್ಲಿ ಕೂತು ಮಾಡಿದ ಯಾವ ತೀರ್ಮಾನವೂ ನ್ಯಾಯವಾಗಿರುವುದಿಲ್ಲ. ಅಷ್ಟರಲ್ಲಿ ಗಟ್ಟಿ ದನಿಯವರು ತಮ್ಮ ಜಾಗ ಹಿಡಿದುಕೊಂಡಿರುತ್ತಾರೆ.

2023ರ ನವೆಂಬರ್ 15ನ್ನು ನೆನೆಯಿರಿ. ಅಂದು ಬುಧವಾರ. ವಾಂಖೆಡೆಯಲ್ಲಿ ನ್ಯೂಜಿಲೆಂಡ್ ವಿರುದ್ಧ ಸೆಮಿಫೈನಲ್ ಮಧ್ಯಾಹ್ನ 2ಕ್ಕೆ ಶುರುವಾಯಿತು. ವಿರಾಟ್ ಕೊಹ್ಲಿ ತಮ್ಮ 50ನೆಯ ಏಕದಿನ ಶತಕ ಬಾರಿಸಿದರು, ಮಹಮ್ಮದ್ ಶಮಿ 7 ವಿಕೆಟ್ ಕಿತ್ತರು. ಆ ದಿನ ಒಂದು ಹಂತದಲ್ಲಿ 5.3 ಕೋಟಿ ಜನ ಒಂದೇ ಹೊತ್ತಿಗೆ ಹಾಟ್‌ಸ್ಟಾರ್‌ನಲ್ಲಿ ಪಂದ್ಯ ನೋಡುತ್ತಿದ್ದರು. ಅವರಲ್ಲಿ ರಜೆ ಹಾಕಿ ಮನೆಯಲ್ಲಿ ಕೂತವರೆಷ್ಟು, ಕಂಪ್ಯೂಟರಿನ ಮೂಲೆಯಲ್ಲಿ ಸಣ್ಣ ಕಿಟಕಿ ತೆರೆದಿಟ್ಟುಕೊಂಡವರೆಷ್ಟು, ಮೇಜಿನ ಕೆಳಗೆ ಫೋನ್ ಹಿಡಿದವರೆಷ್ಟು ಎಂದು ಎಣಿಸಬೇಕಾಗಿಲ್ಲ. 2011ರ ಮಾರ್ಚ್ 30ರಂದು ಮೊಹಾಲಿಯಲ್ಲಿ ಭಾರತ–ಪಾಕಿಸ್ತಾನ ಸೆಮಿಫೈನಲ್ ನಡೆದದ್ದೂ ಬುಧವಾರವೇ, ಮಧ್ಯಾಹ್ನ 2.30ಕ್ಕೆ. ಆಗ ಫೋನು ಇಷ್ಟು ಚುರುಕಾಗಿರಲಿಲ್ಲ, ಜನ ಎದ್ದು ಮನೆಗೆ ಹೋದರು. ಈಗ ಜನ ಕುರ್ಚಿಯಲ್ಲೇ ಇರುತ್ತಾರೆ, ಮನಸ್ಸು ಅಲ್ಲಿರುವುದಿಲ್ಲ. ಹಾಜರಿ ಪುಸ್ತಕ ತುಂಬಿದೆ ಎಂಬ ಸಮಾಧಾನದಿಂದ ಯಾವ ಕಂಪನಿಗೂ ಲಾಭವಿಲ್ಲ.

ಬೆಂಗಳೂರಿಗೆ 2025ರ ಜೂನ್ 4 ಇನ್ನೂ ಕಠಿಣವಾದ ಪಾಠ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ, ಐಪಿಎಲ್‌ನ 18ನೆಯ ಆವೃತ್ತಿಯಲ್ಲಿ ಮೊದಲ ಬಾರಿ ಕಪ್ ಎತ್ತಿತ್ತು. ಮಾರನೆಯ ದಿನ ಬುಧವಾರ, ದುಡಿಮೆಯ ದಿನ. ರಾತ್ರಿ ಬೆಳಗಾಗುವುದರೊಳಗೆ ಮೆರವಣಿಗೆಯ ಸುದ್ದಿ, ವಿಧಾನಸೌಧದಲ್ಲಿ ಸನ್ಮಾನ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮ ಎಂಬ ಮಾತುಗಳು ಫೋನಿನಿಂದ ಫೋನಿಗೆ ಹರಿದವು. ಸುಮಾರು 35 ಸಾವಿರ ಜನ ಹಿಡಿಯುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಕಾಲೇಜಿನಿಂದ ಎದ್ದು ಬಂದವರು, ಕಚೇರಿಯಿಂದ ಹೊರಟು ಬಂದವರು ಅದರಲ್ಲಿದ್ದರು. ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು.

ಆ ಸಾವುಗಳ ಹೊಣೆ ಕಚೇರಿಗಳ ರಜೆ ನಿಯಮದ್ದಲ್ಲ. ಹಾಗೆ ಹೇಳುವುದು ಸತ್ತವರಿಗೆ ಮಾಡುವ ಅನ್ಯಾಯ. ಜನಸಂದಣಿಯನ್ನು ಯಾರು ಕರೆದರು, ಯಾರು ಸಂಭಾಳಿಸಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಬೇರೆ ಕಡೆ ಇದೆ. ಆದರೂ ಉದ್ಯೋಗದಾತರು ಅಂದಿನಿಂದ ಕಲಿಯಬೇಕಾದದ್ದೊಂದಿದೆ. ಅಂದು ಬೆಳಿಗ್ಗೆ ನಗರದಲ್ಲಿ ಯಾರಿಗೂ ಮಧ್ಯಾಹ್ನದ ಬಗ್ಗೆ ಖಚಿತ ಮಾಹಿತಿ ಇರಲಿಲ್ಲ. ಯಾವ ರಸ್ತೆ ಮುಚ್ಚುತ್ತದೆ, ಮೆಟ್ರೋ ಎಲ್ಲಿ ನಿಲ್ಲುವುದಿಲ್ಲ, ಮಕ್ಕಳನ್ನು ಶಾಲೆಯಿಂದ ಕರೆತರುವುದು ಹೇಗೆ ಎಂಬುದನ್ನೆಲ್ಲ ಜನ ತಾವೇ ಊಹಿಸಿಕೊಂಡು ಒಂದೇ ಹೊತ್ತಿಗೆ ಬೀದಿಗಿಳಿದರು. ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್ ಆಸುಪಾಸಿನ ಕಚೇರಿಗಳು ಇಂಥ ದಿನಕ್ಕೆಂದು ಒಂದು ಪುಟದ ಯೋಜನೆಯನ್ನಾದರೂ ಸಿದ್ಧವಾಗಿಟ್ಟುಕೊಂಡಿರಬೇಕು. ಮನೆಯಿಂದಲೇ ಕೆಲಸ ಮಾಡಬಹುದಾದವರು ಅಂದು ಮನೆಯಲ್ಲಿರಲಿ, ಬರಲೇಬೇಕಾದವರು ಯಾವ ದಾರಿಯಲ್ಲಿ ಯಾವಾಗ ಹೊರಡಬೇಕು ಎಂಬುದು ಮೊದಲೇ ತಿಳಿದಿರಲಿ.

ದಕ್ಷಿಣ ಆಫ್ರಿಕಾ ಈ ವಿಷಯದಲ್ಲಿ ಒಂದು ಒಳ್ಳೆಯ ದಾರಿ ತೋರಿಸಿದೆ. 2023ರ ಅಕ್ಟೋಬರ್ 28ರಂದು ಅಲ್ಲಿಯ ರಗ್ಬಿ ತಂಡ ವಿಶ್ವಕಪ್ ಗೆದ್ದಾಗ ಇಡೀ ದೇಶ ಕುಣಿಯಿತು. ಎರಡು ದಿನದ ಮೇಲೆ ಅಧ್ಯಕ್ಷ ಸಿರಿಲ್ ರಾಮಫೋಸಾ ಸಾರ್ವಜನಿಕ ರಜೆ ಘೋಷಿಸಿದರು. ರಜೆ ಕೊಟ್ಟದ್ದು ಮಾರನೆಯ ದಿನಕ್ಕಲ್ಲ, ಡಿಸೆಂಬರ್ 15ಕ್ಕೆ. ಆರು ವಾರಕ್ಕೂ ಹೆಚ್ಚು ಸಮಯ ಸಿಕ್ಕಿತು. ಗಣಿಗಳು, ಅಂಗಡಿಗಳು, ಆಸ್ಪತ್ರೆಗಳು ತಮ್ಮ ಪಾಳಿಗಳನ್ನು ಹೊಂದಿಸಿಕೊಳ್ಳಲು ಅಷ್ಟು ಸಾಕು. ಸೌದಿ ಅರೇಬಿಯಾ 2022ರ ನವೆಂಬರ್ 22ರಂದು ಅರ್ಜೆಂಟೀನಾವನ್ನು 2–1ರಿಂದ ಸೋಲಿಸಿದಾಗ ದೊರೆ ಮಾರನೆಯ ದಿನಕ್ಕೇ ರಜೆ ಸಾರಿದರು. ಸಂತೋಷ ಎರಡೂ ಕಡೆ ಒಂದೇ. ರಿಯಾದಿನ ನರ್ಸ್ ಒಬ್ಬಳಿಗೆ ರಾತ್ರೋರಾತ್ರಿ ಸುದ್ದಿ ಸಿಕ್ಕಿತು, ಜೊಹಾನ್ಸ್‌ಬರ್ಗಿನ ನರ್ಸ್‌ಗೆ ಒಂದೂವರೆ ತಿಂಗಳು ಸಿಕ್ಕಿತು. ನಾನು ಎರಡನೆಯದರ ಪರ. ಬ್ರೆಜಿಲ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ತಮ್ಮ ತಂಡ ಆಡುವ ದಿನಗಳಲ್ಲಿ ಕೇಂದ್ರ ಸರ್ಕಾರಿ ಕಚೇರಿಗಳ ಸಮಯವನ್ನೇ ಬದಲಿಸಿ ಮೊದಲೇ ಆದೇಶ ಹೊರಡಿಸುತ್ತಾರೆ. ಬ್ರಿಟನ್ನಿನಲ್ಲಿ ಉದ್ಯೋಗ ಸಂಬಂಧದ ಸಲಹೆ ನೀಡುವ ಸಾರ್ವಜನಿಕ ಸಂಸ್ಥೆ ಏಕಾಸ್, ದೊಡ್ಡ ಕ್ರೀಡಾಕೂಟಗಳಿಗೆ ಮುನ್ನ ಉದ್ಯೋಗದಾತರಿಗೆ ಮಾರ್ಗದರ್ಶನ ಕೊಡುವ ರೂಢಿ ಇಟ್ಟುಕೊಂಡಿದೆ. ನಮ್ಮ ಕಾರ್ಮಿಕ ಇಲಾಖೆ ಇಂಥದ್ದೊಂದು ಸುತ್ತೋಲೆ ಬರೆಯಲು ಒಂದು ವಾರ ಸಾಕು.

ಇಷ್ಟು ಹೇಳಿದ ಮೇಲೂ, ರಜೆಯ ಬಗ್ಗೆ ಬರುವ ಲೇಖನಗಳೆಲ್ಲ ಐಟಿ ಕಚೇರಿಯ ಒಳಗೇ ಸುತ್ತುತ್ತವೆ. ಕೆಫೆಟೇರಿಯದಲ್ಲಿ ದೊಡ್ಡ ಪರದೆ, ಅದರ ಮುಂದೆ ಪಾಪ್‌ಕಾರ್ನ್, ನೀಲಿ ಜೆರ್ಸಿ ಹಾಕಿದ ಮ್ಯಾನೇಜರ್. ಒಳ್ಳೆಯದೇ. ಆದರೆ ಪೀಣ್ಯಕ್ಕೆ, ಬೊಮ್ಮಸಂದ್ರಕ್ಕೆ, ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳಿಗೆ ಬನ್ನಿ. ಹೊಲಿಗೆ ಲೈನಿನಲ್ಲಿ ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್ ಇರುತ್ತದೆ. ಕಾಲರ್ ಹಚ್ಚುವವಳು ಐದು ನಿಮಿಷ ಎದ್ದರೆ ತೋಳು ಹಚ್ಚುವವಳ ಮೆಷಿನ್ ಮುಂದೆ ಬಟ್ಟೆ ಬರುವುದಿಲ್ಲ. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಅಕ್ಟೋಬರ್ ಎಂದರೆ ರಫ್ತಿನ ಆರ್ಡರುಗಳ ಒತ್ತಡವೂ ಇರುವ ಕಾಲ. ಇಂಥ ಕಡೆ ಪಂದ್ಯಕ್ಕೆಂದು ಮಧ್ಯಾಹ್ನ ಬಿಟ್ಟರು ಎನ್ನಿ. ಮುಂದಿನ ಭಾನುವಾರ ಬಂದು ಆ ಗಂಟೆಗಳನ್ನು ತೀರಿಸಿ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಪಂದ್ಯ ಕೇಳಿದ್ದು ಯಾರೋ, ಭಾನುವಾರ ಕಳೆದುಕೊಳ್ಳುವುದು ಮತ್ತ್ಯಾರೋ. ವಾರಕ್ಕೊಮ್ಮೆ ಬಟ್ಟೆ ಒಗೆದು, ಮಕ್ಕಳ ತಲೆಗೆ ಎಣ್ಣೆ ಹಚ್ಚಿ, ಒಂದಿಷ್ಟು ಹೊತ್ತು ಕಾಲು ಚಾಚುವ ಆ ಒಂದು ದಿನವನ್ನು ಕ್ರಿಕೆಟ್ ಹೆಸರಿನಲ್ಲಿ ಕಿತ್ತುಕೊಳ್ಳುವುದು ತಪ್ಪು. ಹಾಗೆ ತೀರಿಸಲೇಬೇಕಾದರೆ ಕಾರ್ಮಿಕರ ಒಪ್ಪಿಗೆ ಮೊದಲೇ ಬರಹದಲ್ಲಿ ಇರಲಿ, ಹೆಚ್ಚಿನ ಗಂಟೆಗೆ ಕಾನೂನು ಹೇಳುವ ಎರಡು ಪಟ್ಟು ಕೂಲಿ ಸಿಗಲಿ.

ಗುತ್ತಿಗೆ ನೌಕರರ ಕಥೆ ಇದಕ್ಕಿಂತ ಕೆಟ್ಟದು. ಕಂಪನಿ ಉದಾರವಾಗಿ ಹಾಫ್ ಡೇ ಘೋಷಿಸುತ್ತದೆ. ಕಾಯಂ ನೌಕರರಿಗೆ ಸಂಬಳ ಬರುತ್ತದೆ. ಹೌಸ್‌ಕೀಪಿಂಗ್ ಹೆಂಗಸಿಗೆ, ಗೇಟಿನ ಸೆಕ್ಯುರಿಟಿಗೆ, ಕ್ಯಾಂಟೀನಿನ ಹುಡುಗನಿಗೆ ಗುತ್ತಿಗೆದಾರ ಅರ್ಧ ದಿನದ ಕೂಲಿ ಕತ್ತರಿಸುತ್ತಾನೆ. ದೊಡ್ಡವರ ಸಂಭ್ರಮದ ಖರ್ಚನ್ನು ಅತಿ ಕಡಿಮೆ ಸಂಬಳದವರು ಭರಿಸುವುದು ಯಾವ ಕ್ರೀಡಾಭಿಮಾನ? ಪಂದ್ಯದ ರಜೆ ಸಂಬಳ ಸಹಿತವಾಗಿದ್ದರೆ ಗೇಟಿನ ಒಳಗೆ ದುಡಿಯುವ ಎಲ್ಲರಿಗೂ ಸಂಬಳ ಸಹಿತವಾಗಿರಬೇಕು. ಗುತ್ತಿಗೆ ಕರಾರಿನಲ್ಲೇ ಅದನ್ನು ಸೇರಿಸಬಹುದು, 2027ರ ಕರಾರುಗಳನ್ನು ಬರೆಯುವಾಗಲೇ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಬೇಕು. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯ ಪ್ರಕಾರ ಕಾರ್ಮಿಕರಿಗೆ ವರ್ಷಕ್ಕೆ 10 ರಜೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ಕಡ್ಡಾಯ. ಉಳಿದ ಐದು ಹಬ್ಬಗಳಿಗೆ. ಇದರಲ್ಲಿ ಕ್ರಿಕೆಟ್ ಇಲ್ಲ, ಇರಬೇಕಾಗಿಯೂ ಇಲ್ಲ. ರಾಜ್ಯೋತ್ಸವದ ರಜೆಯನ್ನು ಪಂದ್ಯದ ದಿನಕ್ಕೆ ಎತ್ತಿ ಹಾಕುವ ಜಾಣತನ ಯಾರಿಗಾದರೂ ಹೊಳೆದರೆ, ಅದಕ್ಕೆ ಈ ಕಾಯ್ದೆಯಲ್ಲಿ ಜಾಗವಿಲ್ಲ. ಗಳಿಕೆ ರಜೆಯ ವಿಷಯ ಬೇರೆ. ಕಾರ್ಖಾನೆಯಲ್ಲಿರಲಿ, ಅಂಗಡಿ–ಕಚೇರಿಯಲ್ಲಿರಲಿ, 20 ದಿನ ದುಡಿದವರಿಗೆ ಸಂಬಳ ಸಹಿತ ಒಂದು ದಿನ ರಜೆ ಎಂಬುದು ಲೆಕ್ಕ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ, ಹಿಂದೆ 240 ದಿನ ದುಡಿದವರಿಗೆ ಸಿಗುತ್ತಿದ್ದ ಈ ಹಕ್ಕು 180 ದಿನ ದುಡಿದವರಿಗೇ ಸಿಗುವಂತಾಗಿದೆ. ಆ ರಜೆ ನೌಕರ ಗಳಿಸಿದ್ದು. ಅದನ್ನು ಸೆಮಿಫೈನಲ್‌ಗೆ ಬಳಸುತ್ತಾನೋ ತಂಗಿಯ ಸೀಮಂತಕ್ಕೆ ಬಳಸುತ್ತಾನೋ ಅವನಿಗೆ ಬಿಟ್ಟದ್ದು. ಕಾರಣ ಹೇಳು ಎಂದು ಪೀಡಿಸುವುದೂ ತಪ್ಪು, ಕಂಪನಿ ತಾನಾಗಿ ಕೊಟ್ಟ ಪಂದ್ಯದ ಹಾಫ್ ಡೇಯನ್ನು ನೌಕರನ ಖಾತೆಯಿಂದ ಹೇಳದೆ ಕೇಳದೆ ಕಳೆಯುವುದೂ ತಪ್ಪು.

ಪ್ರಾಮಾಣಿಕವಾಗಿ ಕೇಳಲು ದಾರಿಯಿಲ್ಲದ ಕಡೆ ಜನ ಸುಳ್ಳು ಹೇಳುತ್ತಾರೆ. ಬೆಳಿಗ್ಗೆ ಎಂಟಕ್ಕೆ ‘ಸರ್, ಮೈ ಹುಷಾರಿಲ್ಲ’ ಎಂಬ ಸಂದೇಶ ಬರುತ್ತದೆ. ಅದರಿಂದ ಕಂಪನಿಗೆ ಒಂದು ದಿನದ ಕೆಲಸ ನಷ್ಟ, ನಿಜ. ಹೆಚ್ಚಿನ ನಷ್ಟ ಆಗುವುದು ಅದೇ ದಿನ ನಿಜವಾಗಿ ಜ್ವರ ಬಂದು ಮಲಗಿದವರಿಗೆ. ಅವರ ಸಂದೇಶವನ್ನೂ ಅನುಮಾನದಿಂದಲೇ ಓದುತ್ತಾರೆ, ವೈದ್ಯರ ಚೀಟಿ ತಾ ಎನ್ನುತ್ತಾರೆ. ಮುಟ್ಟಿನ ನೋವಿನ ಹೆಣ್ಣುಮಗಳು ಅಂದು ರಜೆ ಕೇಳಲು ಹಿಂಜರಿಯುತ್ತಾಳೆ. ಪಂದ್ಯಕ್ಕೆ ರಜೆ ಬೇಕು ಎಂದು ತಲೆಯೆತ್ತಿ ಹೇಳುವ ಅವಕಾಶವಿದ್ದರೆ ಕಾಯಿಲೆ ರಜೆಗೆ ಅದರ ಮರ್ಯಾದೆ ಉಳಿಯುತ್ತದೆ.

ಬಿಡಲಾಗದ ಕೆಲಸಗಳಿವೆ. ಜಿಲ್ಲಾಸ್ಪತ್ರೆಯ ವಾರ್ಡು, 108ರ ಆಂಬುಲೆನ್ಸ್, ವಿದ್ಯುತ್ ಲೈನ್‌ಮನ್, ಬಂದೋಬಸ್ತಿನ ಪೊಲೀಸ್, ಬಸ್ ಚಾಲಕ. ಚಿನ್ನಸ್ವಾಮಿಯಲ್ಲಿ ರಾತ್ರಿ ಪಂದ್ಯವಿದ್ದರೆ ನಮ್ಮ ಮೆಟ್ರೋ ಕೊನೆಯ ರೈಲಿನ ಹೊತ್ತನ್ನು ಮುಂದೂಡುತ್ತದೆ. ಆ ರೈಲು ಓಡಿಸುವವರೂ ಕ್ರಿಕೆಟ್ ಪ್ರಿಯರೇ ಇರಬಹುದು. ಊಟ ತಲುಪಿಸುವ ಹುಡುಗರಿಗಂತೂ ಪಂದ್ಯದ ಸಂಜೆ ಎಂದರೆ ದುಪ್ಪಟ್ಟು ಓಡಾಟ. ಇವರೆಲ್ಲರಿಗೂ ರಜೆ ಕೊಡಲಾಗದು, ಸರದಿಯನ್ನು ಕೊಡಬಹುದು. ದೀಪಾವಳಿಯ ರಾತ್ರಿ ಕೆಲಸಕ್ಕೆ ಬಂದವರ ಹೆಸರು ಫೈನಲ್ ದಿನದ ಪಾಳಿಯಲ್ಲಿ ಇರಬಾರದು. ಪಾಳಿ ಬದಲಿಸಿಕೊಳ್ಳುವ ಇಬ್ಬರು ಒಪ್ಪಿದರೆ ಮೇಲಿನವರು ಅಡ್ಡಿ ಮಾಡಬಾರದು. ಸರದಿಯ ಪಟ್ಟಿ ಎಲ್ಲರಿಗೂ ಕಾಣುವ ಗೋಡೆಯ ಮೇಲಿರಬೇಕು, ಯಾರದೋ ಫೋನಿನಲ್ಲಿ ಅಲ್ಲ.

ನಿದ್ದೆಯ ವಿಷಯವನ್ನು ಯಾರೂ ಮಾತಾಡುವುದಿಲ್ಲ. ಸಂಜೆ 4.30ಕ್ಕೆ ಶುರುವಾದ ಪಂದ್ಯ ರಾತ್ರಿ 12.30ರ ಆಸುಪಾಸು ಮುಗಿಯುತ್ತದೆ. ಗೆದ್ದರೆ ಪಟಾಕಿ, ಸೋತರೆ ನಿದ್ದೆ ಬಾರದ ಹೊರಳಾಟ. ಬೆಳಿಗ್ಗೆ ಆರರ ಫಸ್ಟ್ ಶಿಫ್ಟಿಗೆ ದೂರದ ಊರುಗಳಿಂದ ಬರುವವರು ಐದಕ್ಕೆ ಮುಂಚೆಯೇ ಕಂಪನಿ ಬಸ್ಸಿಗೆ ಕಾಯುತ್ತಿರುತ್ತಾರೆ. ಮೂರು ತಾಸು ಮಲಗಿ ಬಂದವನು ಪವರ್ ಪ್ರೆಸ್ ಮುಂದೆ ನಿಲ್ಲುತ್ತಾನೆ, ಫೋರ್ಕ್‌ಲಿಫ್ಟ್ ಏರುತ್ತಾನೆ. ಆ ಬಸ್ಸಿನ ಚಾಲಕನೂ ಅದೇ ಪಂದ್ಯ ನೋಡಿರುತ್ತಾನೆ. ಸಾಫ್ಟ್‌ವೇರಿನಲ್ಲಿ ತೂಕಡಿಸಿದರೆ ಒಂದು ದೋಷ ಉಳಿದೀತು, ಪ್ರೆಸ್ಸಿನಲ್ಲಿ ತೂಕಡಿಸಿದರೆ ಬೆರಳು ಹೋಗುತ್ತದೆ. ಭಾರತದ ರಾತ್ರಿ ಪಂದ್ಯದ ಮಾರನೆಯ ಬೆಳಗ್ಗೆ ಶಿಫ್ಟನ್ನು ಒಂದು ಗಂಟೆ ತಡವಾಗಿ ತೆರೆದರೆ ಆಗುವ ಉತ್ಪಾದನೆಯ ನಷ್ಟ ಅಪಘಾತದ ಮುಂದೆ ಏನೂ ಅಲ್ಲ. ದಣಿದು ಬಂದವನನ್ನು ಕೂಲಿ ಕತ್ತರಿಸದೆ ಮೆಷಿನ್‌ನಿಂದ ಬೇರೆ ಕೆಲಸಕ್ಕೆ ಹಾಕುವ ಅಧಿಕಾರ ಸೂಪರ್‌ವೈಸರ್‌ಗೆ ಇರಲಿ. ‘ನನಗೆ ನಿದ್ದೆ ಆಗಿಲ್ಲ’ ಎಂದು ಹೇಳಲು ಕಾರ್ಮಿಕ ಹೆದರುವಂತೆ ಆಗಬಾರದು.

ಬೆಟ್ಟಿಂಗ್ ಬಗ್ಗೆ ಎರಡೇ ಮಾತು. 2025ರ ಕೇಂದ್ರ ಕಾನೂನು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆದರೆ ವಿಶ್ವಕಪ್ ತಿಂಗಳಲ್ಲಿ ಸಂಬಳದ ಅಡ್ವಾನ್ಸ್ ಕೇಳುವವರು ಏಕಾಏಕಿ ಹೆಚ್ಚಿದರೆ, ಲೆಕ್ಕ ವಿಭಾಗದವರು ಅವರನ್ನು ಬೈದು ಕಳಿಸುವ ಬದಲು ಕೂರಿಸಿ ವಿಚಾರಿಸಬೇಕು. ಸಾಲದಲ್ಲಿ ಮುಳುಗಿದವನಿಗೆ ನೆರವು ಬೇಕಾಗಿರುತ್ತದೆ.

ಪ್ರತಿ ದೊಡ್ಡ ಪಂದ್ಯಾವಳಿಯ ಮುನ್ನ ಯಾರೋ ಒಬ್ಬರು ಇಷ್ಟು ಕೋಟಿ ಗಂಟೆ ನಷ್ಟ, ಇಷ್ಟು ಸಾವಿರ ಕೋಟಿ ರೂಪಾಯಿ ನಷ್ಟ ಎಂದು ಲೆಕ್ಕ ಹಾಕಿ ಪತ್ರಿಕೆಗಳಿಗೆ ಕೊಡುತ್ತಾರೆ. ನೋಡುಗರ ಸಂಖ್ಯೆಯನ್ನು ಗಂಟೆಯಿಂದ, ಗಂಟೆಯನ್ನು ಸಂಬಳದಿಂದ ಗುಣಿಸಿದ ಲೆಕ್ಕ ಅದು. ಎಲ್ಲರೂ ಉಳಿದ ದಿನಗಳಲ್ಲಿ ಎಂಟು ಗಂಟೆಯೂ ಬಿಡದೆ ದುಡಿಯುತ್ತಾರೆ, ಪಂದ್ಯದ ದಿನ ಬಿಟ್ಟ ಕೆಲಸವನ್ನು ಮಾರನೆಯ ದಿನ ಯಾರೂ ಮುಟ್ಟುವುದಿಲ್ಲ ಎಂದು ಆ ಲೆಕ್ಕ ನಂಬಿದೆ. ಎರಡೂ ನಿಜವಲ್ಲ. ಎರಡು ವಾರ ಮುಂಚೆ ಗೊತ್ತಿದ್ದರೆ ತಂಡವೇ ಕೆಲಸವನ್ನು ಹಿಂದೆ ಮುಂದೆ ಮಾಡಿಕೊಳ್ಳುತ್ತದೆ. ಸಾಫ್ಟ್‌ವೇರ್ ರಿಲೀಸ್, ಆಡಿಟ್, ಗ್ರಾಹಕರ ಭೇಟಿ, ಸಂದರ್ಶನಗಳನ್ನು ಭಾರತದ ಪಂದ್ಯದ ದಿನ ಇಟ್ಟುಕೊಂಡು, ಆಮೇಲೆ ನೌಕರರಿಗೆ ಶಿಸ್ತಿಲ್ಲ ಎನ್ನುವ ಮ್ಯಾನೇಜರುಗಳೇ ನಿಜವಾದ ನಷ್ಟ ಮಾಡುತ್ತಾರೆ. ಪಂದ್ಯದ ವೇಳಾಪಟ್ಟಿ ಗುಟ್ಟಿನ ಕಾಗದವಲ್ಲ, ಬಂದ ದಿನವೇ ಅದನ್ನು ಕೆಲಸದ ಕ್ಯಾಲೆಂಡರಿಗೆ ಏರಿಸಿ.

ಪಂದ್ಯದ ಗೋಜೇ ಬೇಡದವರೂ ಇದ್ದಾರೆ. ಎಲ್ಲರೂ ಪರದೆ ಮುಂದೆ ಸೇರಿದಾಗ ಫೋನ್ ಎತ್ತುವವರು, ಗ್ರಾಹಕರಿಗೆ ಉತ್ತರಿಸುವವರು ಅವರೇ. ‘ನಿನಗೆ ಕ್ರಿಕೆಟ್ ಇಷ್ಟವಿಲ್ಲವಲ್ಲ, ನೀನು ನೋಡಿಕೋ’ ಎಂಬ ಮಾತು ಕೇಳಲು ಸಣ್ಣದು, ಆರು ವಾರ ಕೇಳಿದರೆ ಸಣ್ಣದಲ್ಲ. ಅವರು ಹೊತ್ತ ಹೆಚ್ಚಿನ ಗಂಟೆಗಳಿಗೆ ಕಾಂಪ್ ಆಫ್ ಸಿಗಬೇಕು, ಅದನ್ನು ಅವರಿಗೆ ಬೇಕಾದ ದಿನ ಬಳಸಲು ಬಿಡಬೇಕು. ಊರಿನ ಹಬ್ಬಕ್ಕೆ ಮೊದಲೇ ಮಂಜೂರಾದ ರಜೆಯನ್ನು ಪಂದ್ಯ ನಿಗದಿಯಾಯಿತೆಂದು ರದ್ದು ಮಾಡುವುದಂತೂ ಆಗಲೇಬಾರದು.

ಅದಕ್ಕಿಂತ ದೊಡ್ಡ ಪ್ರಶ್ನೆ ಮಹಿಳೆಯರ ಕ್ರಿಕೆಟ್ಟಿನದು. 2025ರ ಅಕ್ಟೋಬರ್ 30ರಂದು ನವಿ ಮುಂಬೈಯಲ್ಲಿ ಆಸ್ಟ್ರೇಲಿಯಾ ಕೊಟ್ಟ 339 ರನ್‌ಗಳ ಗುರಿಯನ್ನು ಭಾರತದ ಹೆಣ್ಣುಮಕ್ಕಳು ಬೆನ್ನಟ್ಟಿ ಗೆದ್ದರು. ಜೆಮಿಮಾ ರಾಡ್ರಿಗಸ್ ಅಜೇಯ 127. ಅಂದು ಗುರುವಾರ, ದುಡಿಮೆಯ ದಿನವೇ. ನವೆಂಬರ್ 2ರಂದು ಅದೇ ಮೈದಾನದಲ್ಲಿ ದಕ್ಷಿಣ ಆಫ್ರಿಕಾವನ್ನು ಸೋಲಿಸಿ ವಿಶ್ವಕಪ್ ತಂದರು. ಪುರುಷರ ಸೆಮಿಫೈನಲ್ಲಿಗೆ ಪರದೆ ಕಟ್ಟುವ ಕಚೇರಿ ಮಹಿಳೆಯರ ಸೆಮಿಫೈನಲ್ಲಿಗೂ ಕಟ್ಟಬೇಕು. ಬೆಂಗಳೂರಿನ ಮಲಯಾಳಿ, ಬಂಗಾಳಿ, ಮಣಿಪುರಿ ಸಹೋದ್ಯೋಗಿ ಫುಟ್‌ಬಾಲ್ ರಾತ್ರಿಗೆ, ಕೊಡಗಿನವರು ಹಾಕಿ ಫೈನಲ್ಲಿಗೆ ಅದೇ ಅನುಕೂಲ ಕೇಳಿದರೆ ನಗಬಾರದು. ನಿಯಮದಲ್ಲಿ ಆಟದ ಹೆಸರು ಇರದಿದ್ದರೆ ಇನ್ನೂ ಒಳ್ಳೆಯದು. ವರ್ಷಕ್ಕೆ ಇಂತಿಷ್ಟು ಗಂಟೆ, ಇಷ್ಟದ ಆಟಕ್ಕೋ ಹಬ್ಬಕ್ಕೋ, ಮುಂಚೆ ತಿಳಿಸಿ ಬಳಸಿಕೊಳ್ಳಿ ಎಂದರೆ ಸಾಕು.

ಈ ನಿಯಮ 2027ಕ್ಕೆ ಮುಗಿಯುವುದೂ ಇಲ್ಲ. 2028ರ ಜುಲೈನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್. 1900ರ ನಂತರ ಮೊದಲ ಬಾರಿಗೆ ಕ್ರಿಕೆಟ್ ಒಲಿಂಪಿಕ್ಸಿಗೆ ಮರಳುತ್ತಿದೆ. ಆ ಊರು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಆಡಿದ ಪಂದ್ಯ ಇಲ್ಲಿ ಮಾರನೆಯ ಬೆಳಗ್ಗೆ, ನಾವು ಡಬ್ಬಿ ಕಟ್ಟಿಕೊಂಡು ಬಸ್ ಹಿಡಿಯುವ ಹೊತ್ತು.

ವರ್ಷದ ರಜೆ ಪಟ್ಟಿಯನ್ನು ಹಿಂದಿನ ವರ್ಷದ ಕೊನೆಯಲ್ಲೇ ಸಿದ್ಧಪಡಿಸುವುದು ನಮ್ಮ ಕಂಪನಿಗಳ ವಾಡಿಕೆ. 2027ರ ಪಟ್ಟಿಯ ಜೊತೆ ಇನ್ನೊಂದು ಹಾಳೆ ಇರಲಿ. ಪಂದ್ಯದ ರಜೆಗೆ ಅರ್ಜಿ ಎಷ್ಟು ದಿನ ಮುಂಚೆ, ಒಂದು ತಂಡದಿಂದ ಒಂದು ದಿನ ಎಷ್ಟು ಜನ, ಹೆಚ್ಚು ಜನ ಕೇಳಿದರೆ ಚೀಟಿ ಎತ್ತುವುದೋ ಸರದಿಯೋ, ಬದಲಿ ಗಂಟೆಗಳ ಲೆಕ್ಕ ಹೇಗೆ, ಗುತ್ತಿಗೆಯವರಿಗೆ ಏನು ಎಂಬುದೆಲ್ಲ ಅದರಲ್ಲಿ ಕನ್ನಡದಲ್ಲಿ ಬರೆದಿರಲಿ, ನೋಟಿಸ್ ಬೋರ್ಡಿನಲ್ಲಿ ಅಂಟಿಸಿರಲಿ. ಕಾರ್ಮಿಕ ಸಂಘಗಳು ಇದನ್ನು ಈಗಲೇ ಕೇಳಬೇಕು, ಸಂಘವಿಲ್ಲದ ಕಡೆ ನೌಕರರು ನಾಲ್ಕು ಜನ ಸೇರಿ ಹೆಚ್ಆರ್ ಬಾಗಿಲು ತಟ್ಟಬೇಕು. ಕಾರ್ಮಿಕ ಇಲಾಖೆ ತನ್ನ ಸುತ್ತೋಲೆಯನ್ನು 2027ರ ದಸರೆಗೆ ಕನಿಷ್ಠ ಮೂರು ತಿಂಗಳು ಮುಂಚೆ ಹೊರಡಿಸಲಿ.